ಹಾಡಿನ ನಡುವೆ ನಿಲ್ಲುವ ಮಷೀನು

ಶಿರಹಟ್ಟಿಯ ಒಂದು ಕುಬಸದ ಮನೆಯಲ್ಲಿ ನನ್ನ ಮೈಕ್ ಸೆಟ್ಟಿನ ಆ ಮಷೀನು ಮೊದಲ ಸಲ ನಿಂತಿತು. ಬಸುರಿ ಹುಡುಗಿ ಹಸಿರು ಸೀರೆ ಉಟ್ಟು, ಕೈ ತುಂಬ ಬಳೆ ತೊಟ್ಟು ಖುರ್ಚಿಯ ಮೇಲೆ ಕೂತಿದ್ದಳು. ನಾನು ಮೈಕ್ ಹಿಡಿದು ಸೋಬಾನೆ ಹೇಳುತ್ತಿದ್ದೆ. ಎರಡನೆಯ ನುಡಿಗೆ ಬಂದಿರಲಿಕ್ಕಿಲ್ಲ, ಮಷೀನಿನೊಳಗೆ ಟಕ್ ಎಂದಿತು, ಮುಂದಿನ ಕೆಂಪು ದೀಪ ಹತ್ತಿಕೊಂಡಿತು, ಎರಡೂ ಬಾಕ್ಸು ಒಮ್ಮೆಲೇ ಬಾಯಿ ಮುಚ್ಚಿದವು. ಅಷ್ಟು ದೊಡ್ಡ ಅಂಗಳದಲ್ಲಿ ನನ್ನ ಬರಿಗಂಟಲು ಮಾತ್ರ ಉಳಿಯಿತು. ಮುಂದಿನ ಸಾಲಿನಲ್ಲಿದ್ದ ಒಬ್ಬಳು, "ಬಸರಿಗಿಂತ ಮದ್ಲ ಈ ಮಷೀನಿಗೇ ಸುಸ್ತ ಬಂತ ನೋಡ" ಎಂದಳು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಅವಳ ಜಡೆ ಹಿಡಿದು ಎಳೆಯಬೇಕು ಅನ್ನಿಸಿತ್ತು.

ಆರಿಸಿ ಹಚ್ಚಿದರೆ ಮತ್ತೆ ಹಾಡುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಆ ಮಧ್ಯಾಹ್ನ ಹಾಡಿಗಿಂತ ಹೆಚ್ಚು ಸುಳ್ಳು ಹೇಳಿದೆ. ಕರೆಂಟು ಸರಿ ಇಲ್ಲ ಎಂದೆ, ಮೈಕು ಹೊಸದು, ಇನ್ನೂ ಹೊಂದಿಕೊಂಡಿಲ್ಲ ಎಂದೆ. ಕೊನೆಗೆ ಮನೆಯ ಹಿರಿಯಳು ಬಂದು, "ಸಾಕ ಬಿಡವಾ, ನಾವ ಬಾಯಿಲೇ ಹಾಡ್ತೀವಿ, ನೀ ಉಂಡು ಹೋಗು" ಎಂದಳು. ಉಣ್ಣದೆ ಸಾಮಾನು ಟಂಟಮ್ಮಿಗೆ ಹೇರಿಸಿದೆ. ದಾರಿಯುದ್ದಕ್ಕೂ ಮಷೀನನ್ನು ಬಯ್ಯುತ್ತ ಬಂದೆ, ಟಂಟಂ ಓಡಿಸುವವನು ನನ್ನ ಕಡೆ ತಿರುಗಿ ತಿರುಗಿ ನೋಡುತ್ತಿದ್ದ.

ಒಂದು ಕೆಟ್ಟ ಮಷೀನಿಗೆ ಇಷ್ಟು ಸಿಟ್ಟು ಯಾಕೆ ಎಂದು ಕೇಳುವವರಿಗೆ ಹೇಳುತ್ತೇನೆ. ಅದು ಹಾಡಿದರೆ ನಾನು ಬೆಟಗೇರಿಯ ತವರಿನಲ್ಲಿ ಉಳಿಯುತ್ತಿದ್ದೆ, ನಿಂತರೆ ಮುಂಡರಗಿಗೆ ಗಂಡನ ಮನೆಗೆ ತಿರುಗಿ ಹೋಗಬೇಕಾಗಿತ್ತು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅಂಗಡಿಗೆ ಹೋಗುವಾಗ ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಅದು ಪ್ರೀತಿ ಎಂದು ಅವರ ಮನೆಯವರು ಹೇಳಿದರು. ಆಮೇಲೆ ರೂಢಿ ಎಂದರು. ಒಂದು ದಿನ ಅವನು ಕೀಲಿ ಹಾಕುವುದಕ್ಕೆ ಮೊದಲೇ ನಾನು ಹೊರಗಿದ್ದೆ, ಗದಗಿನ ಬಸ್ಸಿನಲ್ಲಿದ್ದೆ. ಅಲ್ಲಿಗೆ ಹೋಗುವ ಮಾತು ಬಂದರೆ ಈಗಲೂ ನಾನು ಮೊದಲು ಬಾಗಿಲು ತೆರೆದಿದೆಯೇ ಎಂದು ನೋಡುತ್ತೇನೆ.

ಬೆಟಗೇರಿಯ ಮನೆಯಲ್ಲಿ ಇದ್ದವರು ಇಬ್ಬರೇ, ಅವ್ವ ಮತ್ತು ಅಣ್ಣ. ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ ಇದ್ದವು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಒಂದರ ಮೇಲೆ ಅಣ್ಣ ನೇಯುತ್ತಾನೆ. ಇನ್ನೊಂದು ಅಪ್ಪನದು, ಅಪ್ಪ ಹೋದ ಮೇಲೆ ಅದರ ಕಟ್ಟಿಗೆಗಳನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದ್ದರು, ಕುಣಿ ಮಾತ್ರ ಹಾಗೇ ಇತ್ತು. ಅಣ್ಣನಿಗೆ ಮದುವೆಯಾಗಿಲ್ಲ. ಕೈಮಗ್ಗದವನಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ. ಕೇಳಿ ಕೇಳಿ ಸಾಕಾಗಿ ಅವನೂ ಕೇಳುವುದನ್ನು ಬಿಟ್ಟಿದ್ದ. ಅಂಥವನ ಮುಂದೆ ಇದ್ದ ಸಂಸಾರವನ್ನು ಬಿಟ್ಟು ಬಂದು ಕೂತ ತಂಗಿಯನ್ನು ಕಂಡರೆ ಅವನಿಗೆ ಹೇಗಾಗಿರಬೇಕು ಎಂದು ಅವ್ವ ನನಗೆ ಹೇಳುತ್ತಿದ್ದಳು. ನನಗೆ ಅದನ್ನು ಕೇಳುವ ತಾಳ್ಮೆ ಇರಲಿಲ್ಲ. ಅವನಿಗೆ ಸಂಸಾರ ಬೇಕಿದ್ದರೆ ಮುಂಡರಗಿಗೆ ಅವನೇ ಹೋಗಿ ಮಾಡಲಿ ಎಂದು ಒಮ್ಮೆ ಅಂದುಬಿಟ್ಟೆ. ಅವತ್ತಿನಿಂದ ನಮ್ಮಿಬ್ಬರ ನೇರ ಮಾತು ನಿಂತಿತು. ಒಂದೇ ಪಡಸಾಲೆಯಲ್ಲಿ ಕೂತು ಅವ್ವನ ಮುಖಾಂತರ ಬಯ್ದಾಡುತ್ತಿದ್ದೆವು.

ಮೈಕ್ ಸೆಟ್ಟಿನ ವಿಚಾರ ನನ್ನದೇ. ಕುಬಸ, ತೊಟ್ಟಿಲು, ಅರಿಷಿಣ, ಇಂಥ ಹೆಂಗಸರ ಕಾರ್ಯಗಳಲ್ಲಿ ಗಂಡಸರು ಬಂದು ವೈರು ಎಳೆದು, ಮೂಲೆಯಲ್ಲಿ ನಿಂತು ಪಿಳಿಪಿಳಿ ನೋಡುವುದು ಯಾರಿಗೂ ಸೇರುವುದಿಲ್ಲ. ನಾನು ಹೋದರೆ ಸೆಟ್ಟೂ ಆಯಿತು, ಹಾಡೂ ಆಯಿತು. ಲಕ್ಷ್ಮೇಶ್ವರದಲ್ಲಿ ಪೆಂಡಾಲಿನ ಧಂಧೆ ಬಿಡುತ್ತಿದ್ದ ಒಬ್ಬ ಹಿರಿಯ ಸಾಹೇಬರ ಹತ್ತಿರ ನನ್ನ ಬೆಂಡೋಲೆ ಹೋಗಿ ಹಳೆಯ ಆಂಪ್ಲಿಫಾಯರು ಬಂತು. ಅದರ ಕೂಡ ಎರಡು ಬಾಕ್ಸು, ಹತ್ತಿರದ ಬಾಕ್ಸಿಗೆ ಒಂದು ಗಿಡ್ಡ ವೈರು, ದೂರದ್ದಕ್ಕೆ ಒಂದು ಉದ್ದ ವೈರು. ತಂದ ದಿನ ಓಣಿಯಲ್ಲಿ ಹಚ್ಚಿ ನೋಡಿದೆ. ಮುಂಜಾನೆಯೆಲ್ಲ ಹಾಡಿತು, ಒಮ್ಮೆಯೂ ನಿಲ್ಲಲಿಲ್ಲ. ಎದುರು ಮನೆಯವರು ಬಂದು ಸಾಕು ಮಾಡು ಎಂದು ಕೈ ಮುಗಿದರು. ಸಾಮಾನು ಇಡಲು ಬೇರೆ ಜಾಗ ಇರಲಿಲ್ಲ. ಬಾಕ್ಸುಗಳನ್ನು ಗೋಡೆಗೆ ಒರಗಿಸಿ, ಉದ್ದನೆಯ ವೈರನ್ನು ಸುತ್ತಿ ಅಪ್ಪನ ಕುಣಿಯೊಳಗೆ ಇಟ್ಟೆ. ಅಣ್ಣ ಅದನ್ನು ನೋಡಿ ಏನೂ ಅನ್ನಲಿಲ್ಲ. ಅವನು ಸುಮ್ಮನಿದ್ದಾನೆಂದರೆ ಒಳಗೆ ಏನೋ ಕುದಿಯುತ್ತಿದೆ ಎಂದು ನನಗೆ ಗೊತ್ತಿತ್ತು, ಆದರೆ ಕುದಿಯಲಿ ಎಂದುಕೊಂಡೆ.

ಶಿರಹಟ್ಟಿಯಿಂದ ಬಂದ ಸಂಜೆ ಅವನು ಬಾಯಿ ಬಿಟ್ಟ. ಲಾಳಿ ಎಸೆಯುತ್ತಲೇ, "ಅವ್ವಾ, ಆಕಿಗೆ ಹೇಳು. ಧಂಧೆ ನಡದ್ರ ಇರಲಿ, ಅಪ್ಪನ ಜಾಗಾ ಆಕಿನ ತಗೊಳ್ಳಿ, ನಾ ಬ್ಯಾಡ ಅನ್ನೂದಿಲ್ಲ. ಹಾಡಿನ ನಡಕ ನಿಲ್ಲೂ ಮಷೀನ್ ಇಟಗೊಂಡು ಮಂದಿ ಕಡಿಂದ ನಗಸಗೊಳ್ಳೂದಾದ್ರ ಗಂಡನ ಮನಿಗೆ ಹೋಗಲಿ" ಎಂದ.

"ಅವ್ವಾ, ಅವಗ ಹೇಳು. ಮಷೀನ್ ನಿಂತದ್ದು ವೋಲ್ಟೇಜ್ ಇಲ್ಲದ್ದಕ್ಕ" ಎಂದೆ.

ಅವ್ವ ರಾಟಿಯ ಮುಂದೆ ಕೂತು ಕಂಡಿಕಿ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ಸಣ್ಣ ನಳಿಗೆಗೆ ನೂಲು ಸುತ್ತುವ ಕೆಲಸ. ತಲೆ ಎತ್ತದೆ, "ಇಬ್ಬರಿಗೂ ಕೇಳಿಸೇತಿ" ಎಂದಳು.

ವೋಲ್ಟೇಜಿನ ಮೇಲೆ ತಪ್ಪು ಹಾಕಿ ನಾನು ಸ್ವಲ್ಪ ದಿನ ನೆಮ್ಮದಿಯಾಗಿದ್ದೆ. ಆಮೇಲೆ ಆ ನೆಮ್ಮದಿಯೂ ಹೋಯಿತು. ಬೆಟಗೇರಿಯಲ್ಲಿ ಸುತ್ತಲೂ ಪಾವರ್‌ಲೂಮು, ಅವೆಲ್ಲ ಒಟ್ಟಿಗೆ ಶುರುವಾದರೆ ನಮ್ಮ ಮನೆಯ ದೀಪ ಮಂಕಾಗುತ್ತದೆ. ಅಂಥ ಹೊತ್ತಿನಲ್ಲೂ ಮನೆಯಲ್ಲಿ ಗಿಡ್ಡ ವೈರಿಗೆ ಒಂದೇ ಬಾಕ್ಸು ಕಟ್ಟಿ ಹಚ್ಚಿದರೆ ಮಷೀನು ಮಗುವಿನಂತೆ ಹಾಡಿಕೊಂಡಿರುತ್ತಿತ್ತು. ಮನೆಯಲ್ಲಿ ಅಷ್ಟು ಸಂಭಾವಿತ, ಮಂದಿಯ ಎದುರಿಗೆ ಮಾತ್ರ ಮಾನ ಕಳೆಯುತ್ತಿತ್ತು. ಮನುಷ್ಯರಲ್ಲಿ ಇಂಥವರನ್ನು ನಾನು ಕಂಡಿದ್ದೆ, ಒಬ್ಬನನ್ನು ಮದುವೆಯೂ ಆಗಿದ್ದೆ. ಮಷೀನಿನಲ್ಲಿ ಇದೇ ಮೊದಲು.

ಗದಗಿನಲ್ಲಿ ಸ್ಟೇಷನ್ ಕಡೆ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ಕೂತವನು ಮಷೀನನ್ನು ನೋಡುವ ಮೊದಲು ನನ್ನ ಹಿಂದೆ ಯಾರಾದರೂ ಬಂದಿದ್ದಾರೋ ಎಂದು ನೋಡಿದ. "ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ?" ಎಂದ.

"ಅದಾರ್ರಿ. ಅವರನ್ನೂ ರಿಪೇರಿ ಮಾಡ್ತೀರೇನು?" ಎಂದೆ.

ಅವನು ಸ್ಕ್ರೂಡ್ರೈವರ್ ಎತ್ತಿಕೊಂಡ. ಮುಚ್ಚಳ ಬಿಚ್ಚಿ, ಗಾಳಿ ಊದಿ, ಅಲ್ಲಲ್ಲಿ ಬೆಸುಗೆ ಕಾಯಿಸಿ, ತನ್ನ ಸಣ್ಣ ಬಾಕ್ಸಿಗೆ ಕಟ್ಟಿ ಹಚ್ಚಿದ. ಹಾಡಿತು. ನಾನು ಇನ್ನೊಂದು ತಾಸು ಹಾಡಿಸಿ ಎಂದೆ. ಹಾಡಿತು. "ಏನೂ ಆಗಿಲ್ರಿ. ಕಾಯ್ತಿರಬೇಕು, ಹಿಂದ ಒಂದ ಫ್ಯಾನ್ ಇಡ್ರಿ" ಎಂದು ಕೈ ಝಾಡಿಸಿದ. ಏನೂ ಆಗದ ಮಷೀನನ್ನು ಹೊತ್ತುಕೊಂಡು ವಾಪಸ್ಸು ಬರುವುದು ಕೆಟ್ಟ ಮಷೀನನ್ನು ಹೊರುವುದಕ್ಕಿಂತ ಭಾರ. ಅವನ ಅಂಗಡಿಯ ಮೆಟ್ಟಿಲಿಗೆ ಬೇಕೆಂದೇ ಚಪ್ಪಲಿ ಒರೆಸಿ ಬಂದೆ.

ಕಳಸಾಪುರದ ಅರಿಷಿಣದ ಕಾರ್ಯಕ್ಕೆ ಪರಿಚಯದವರ ಸ್ಟೆಬಿಲೈಜರು ಕಡ ತಂದು, ಮಷೀನಿನ ಹಿಂದೆ ಒಂದು ಟೇಬಲ್ ಫ್ಯಾನು ಇಟ್ಟೆ. ಫ್ಯಾನಿನ ಗಾಳಿಗೆ ಪರಾತದಲ್ಲಿದ್ದ ಅರಿಷಿಣ ಪುಡಿ ಎದ್ದು ಮದುಮಗಳ ಸೋದರತ್ತೆಯ ಕಣ್ಣಿಗೆ ಬಿತ್ತು. ಆಕೆ ಕಣ್ಣು ತಿಕ್ಕಿಕೊಂಡು ನನ್ನ ಕುಲಕ್ಕೆಲ್ಲ ಶಾಪ ಹಾಕಿದಳು. ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಹೆಣ್ಣುಮಕ್ಕಳು ಎದ್ದು ಕುಣಿಯಲು ಶುರು ಮಾಡಿದರು, ನಾನು ದನಿ ಏರಿಸಿದೆ, ಮತ್ತೆ ಟಕ್ ಎಂದಿತು. ಮುಟ್ಟಿ ನೋಡಿದರೆ ಮಷೀನು ತಣ್ಣಗೆ ಇತ್ತು. ಅಲ್ಲಿಗೆ ವೋಲ್ಟೇಜೂ ಅಲ್ಲ, ಕಾವೂ ಅಲ್ಲ ಎಂದು ಖಾತ್ರಿಯಾಯಿತು. ಮಾರಿದವನೇ ಕಳ್ಳ ಎಂದು ನಿರ್ಧಾರ ಮಾಡಿದೆ.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡಕ್ಟರು ನನಗೆ ಪುಕ್ಕಟೆ ಚೀಟಿ ಹರಿದು ಕೊಟ್ಟು, ಕಾಲ ಹತ್ತಿರ ಚಾದರದಲ್ಲಿ ಕಟ್ಟಿಟ್ಟ ಮಷೀನನ್ನು ತೋರಿಸಿ, "ಇದು ಹೆಂಗಸಲ್ರಿ, ಇದಕ್ಕ ಟಿಕೆಟ್ ತಗೋರಿ" ಎಂದ. ಸುತ್ತಲಿನವರು ನಕ್ಕರು. ಆ ದಿನಗಳಲ್ಲಿ ನಾನು ಎಲ್ಲಿ ಹೋದರೂ ಯಾರಾದರೂ ನಗುತ್ತಿದ್ದರು.

ಸಾಹೇಬರು ತಮ್ಮ ಹಿತ್ತಲಲ್ಲಿ ಹಳೆಯ ಬಿದಿರಿನ ಗಳಗಳನ್ನು ಕಟ್ಟಿಸುತ್ತಿದ್ದರು. ನಾನು ಸಲಾಂ ಇಲ್ಲದೆ, ಕುಶಲ ಕೇಳದೆ ಮಷೀನನ್ನು ಅವರ ಎದುರಿಗೆ ಇಟ್ಟು, "ಸಾಹೇಬ್ರ, ನನ್ನ ಬೆಂಡೋಲಿ ಕೊಡ್ರಿ, ನಿಮ್ಮ ಹೆಣಾ ಇಟಗೋರಿ" ಎಂದೆ. ಅವರ ಮುಖ ಕೆಂಪಾಯಿತು. ಗಳ ಕಟ್ಟುವವರು ಕೆಲಸ ನಿಲ್ಲಿಸಿ ನೋಡಿದರು. ಅವರು ದನಿ ಏರಿಸಲಿಲ್ಲ. ಒಳಗಿನಿಂದ ತಮ್ಮ ಬಾಕ್ಸು, ತಮ್ಮ ವೈರು ತರಿಸಿ ಮಷೀನಿಗೆ ಕಟ್ಟಿದರು. "ಕುಂಡ್ರಿ. ನಿಲ್ಲೂತನಾ ನೋಡೂಣು" ಎಂದರು.

ಇಬ್ಬರೂ ಎದುರುಬದುರು ಕೂತೆವು. ಮಷೀನು ಹಾಡಿತು. ಬಿಸಿಲು ಹಿತ್ತಲಿನ ಈ ಗೋಡೆಯಿಂದ ಆ ಗೋಡೆಗೆ ಸರಿಯಿತು, ಹಾಡುತ್ತಲೇ ಇತ್ತು. ಒಮ್ಮೆ ನಿಲ್ಲಲಿ, ಒಂದೇ ಒಂದು ಸಲ ನಿಲ್ಲಲಿ ಎಂದು ಮನೆದೇವರಿಗೆ ಬೇಡಿಕೊಂಡೆ. ಇಷ್ಟು ದಿನ ನಿಲ್ಲದಿರಲಿ ಎಂದು ಬೇಡಿದ್ದು ಅದೇ ದೇವರಿಗೆ. ಅವರ ಹೆಂಡತಿ ಚಹಾ ತಂದಿಟ್ಟರು, ನಾನು ಮುಟ್ಟಲಿಲ್ಲ. ಕೆಂಪು ದೀಪ ಹತ್ತಲೇ ಇಲ್ಲ. ಕೊನೆಗೆ ಸಾಹೇಬರೇ ಎದ್ದು ಆರಿಸಿದರು.

"ಅಕ್ಕಾರ, ನನ್ನ ಮಷೀನ್ ಮ್ಯಾಲ ಅಪವಾದ ಹಾಕಿದ್ರಿ. ನಾ ಮರಿಯೂದಿಲ್ಲ" ಎಂದರು. "ಈ ಮಷೀನ್ ಸುಮ್ಮಸುಮ್ಮನ ಬಾಯಿ ಮುಚ್ಚೂದಿಲ್ರಿ. ತ್ರಾಸ ಆದ್ರನ ಮುಚ್ಚತೈತಿ. ನೀವು ಬರೇ ತಲಿ ಹೊತಗೊಂಡ ಬಂದೀರಿ, ಕೈಕಾಲ ಮನ್ಯಾಗ ಬಿಟ್ಟ ಬಂದೀರಿ. ಬಾಕ್ಸು ವೈರು ಎಲ್ಲಾ ತಂದ್ರ ಮಾತಾಡ್ರಿ, ಇಲ್ಲಾಂದ್ರ ಈ ಬಾಗಲಕ್ಕ ಬರಬ್ಯಾಡ್ರಿ."

ಹೋಗು, ಬರಬೇಡ ಎಂದು ಹೇಳುವವರು ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೂ ಇದ್ದಾರಲ್ಲ ಎಂದು ಗೊಣಗುತ್ತ ಮಷೀನು ಕಟ್ಟಿಕೊಂಡೆ. ವೈರುಗಳನ್ನು ನಾನು ನೋಡಿರಲಿಲ್ಲವೇ? ಎರಡೂ ತುದಿ ಬಿಗಿಯಾಗಿದ್ದವು, ನಡುವೆ ಎಲ್ಲಿಯೂ ಹರಿದಿರಲಿಲ್ಲ. ಬಸ್ಸಿನಲ್ಲಿ ಅವರ ಮೇಲೆ ಬಹಳ ಸಿಟ್ಟಿತ್ತು, ಬಾಯಾರಿಕೆಯೂ ಬಹಳ ಆಗಿತ್ತು, ಆ ಚಹಾ ಕುಡಿದು ಬರಬೇಕಿತ್ತು.

ಮನೆಗೆ ಬಂದಾಗ ಅಣ್ಣ ನನ್ನ ತಲೆಯ ಮೇಲಿನ ಮಷೀನನ್ನು ನೋಡಿದ. ಕೊಟ್ಟವರೂ ತಿರುಗಿ ತೆಗೆದುಕೊಳ್ಳಲಿಲ್ಲ ಎಂದು ತಿಳಿದುಕೊಂಡ. "ಅವ್ವಾ, ಆಕಿಗೆ ಹೇಳು. ಮುಂಡರಗಿಗೆ ಫೋನ್ ಮಾಡೀನಿ. ಹರ್ತಿ ಊರಾಗ ಆಕಿ ಹಿಡದ ತೊಟ್ಟಿಲ ಕಾರ್ಯ ಐತೆಲ್ಲ, ಅವತ್ತ ಸಂಜೀಕ ಆಕಿ ಗಂಡನ ಕಾಕಾ ಬರ್ತಾರ. ಅಲ್ಲಿನೂ ಮಷೀನ್ ನಿಂತ್ರ ಅವರ ಕೂಡ ಹೋಗಲಿ. ನಿಲ್ಲದಿದ್ರ ನಾನ ಅವರಿಗೆ ಚಹಾ ಕುಡಿಸಿ ಕಳಸ್ತೀನಿ."

ಅವ್ವ ರಾಟಿ ನಿಲ್ಲಿಸಿದಳು. ಅವಳಿಗೂ ಹೇಳಿರಲಿಲ್ಲ ಎಂದು ಆಗ ಗೊತ್ತಾಯಿತು. ನಾನು ಮಷೀನನ್ನು ಮೂಲೆಗೆ ಇಳಿಸಿ ಒಳಗೆ ಹೋದೆ. ಮಾತಾಡಲು ನಿಂತರೆ ಅಳು ಬರುತ್ತಿತ್ತು, ಅವನ ಎದುರಿಗೆ ಅಳುವುದಕ್ಕಿಂತ ಸಾಯುವುದು ಮೇಲು ಎನ್ನಿಸಿತ್ತು.

ಮರುದಿನ ಮುಂಜಾನೆ ಅವನು ನೂಲು ತರಲು ಹೊರಗೆ ಹೋದ. ಸಾಹೇಬರ ಮೇಲಿನ ಸಿಟ್ಟಿಗೇ ಅವರು ಹೇಳಿದ ಹಾಗೆ ಮಾಡಿದೆ, ಅವರು ಸುಳ್ಳು ಎಂದು ತೋರಿಸಬೇಕಿತ್ತು. ಎಲ್ಲವನ್ನೂ ಪಡಸಾಲೆಯಲ್ಲಿ ಹರಡಿದೆ. ಮಷೀನಿನ ಎಡಕ್ಕೆ ಗಿಡ್ಡ ವೈರು ಕಟ್ಟಿ ಒಂದು ಬಾಕ್ಸು ಹಚ್ಚಿದೆ, ಹಾಡಿತು. ಅದೇ ವೈರು, ಅದೇ ಬಾಕ್ಸು ಬಲಕ್ಕೆ ಕಟ್ಟಿದೆ, ಹಾಡಿತು. ಬಾಕ್ಸು ಬದಲಿಸಿದೆ, ಅದೂ ಹಾಡಿತು. ಆಮೇಲೆ ಕುಣಿಯಿಂದ ಉದ್ದ ವೈರು ತೆಗೆದು ಎಡಕ್ಕೆ ಕಟ್ಟಿ, ಹೆಣ್ಣುಮಕ್ಕಳು ತುಳಿಯುವ ಹಾಗೆ ಅದರ ಮೇಲೆ ನಡೆದಾಡಿದೆ. ಟಕ್. ಬಲಕ್ಕೆ ಕಟ್ಟಿ ತುಳಿದೆ. ಟಕ್. ಮಷೀನಲ್ಲ, ಬಾಕ್ಸಲ್ಲ, ಉದ್ದ ವೈರು. ಇದನ್ನು ಮಾಡಲು ನನಗೆ ಒಂದು ಮುಂಜಾನೆ ಸಾಕಾಗಿತ್ತು. ಅಷ್ಟು ದಿನ ಊರೂರು ಮೆರವಣಿಗೆ ಮಾಡಿದ್ದೆ.

ಕಣ್ಣಿಗೆ ಆಗಲೂ ಏನೂ ಕಾಣಲಿಲ್ಲ. ಮಷೀನನ್ನು ಆರಿಸಿ, ವೈರನ್ನು ಬೆರಳ ನಡುವೆ ಹಿಡಿದು ಒಂದು ತುದಿಯಿಂದ ಎಳೆಯುತ್ತ ಹೋದೆ. ನೇಕಾರರ ಮನೆಯ ಹೆಣ್ಣಿಗೆ ಎಳೆಯಲ್ಲಿ ಎಲ್ಲಿ ಗಂಟಿದೆ, ಎಲ್ಲಿ ತೆಳುವಾಗಿದೆ ಎನ್ನುವುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ನಡುವಿನಲ್ಲಿ ಒಂದು ಕಡೆ ವೈರು ಸ್ವಲ್ಪ ಬಿರುಸಾಗಿತ್ತು. ದಪ್ಪವೂ ಅಲ್ಲ, ಗಂಟೂ ಅಲ್ಲ, ಬಿರುಸು ಅಷ್ಟೇ. ಮೂಗಿಗೆ ಹಿಡಿದೆ, ಮಗ್ಗದ ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂತು.

ಮಗ್ಗದ ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಎನ್ನುತ್ತಾರೆ. ಹಳೆಯ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಎಲ್ಲ ಕೂಡಿಕೆಗಳೂ ಒಂದೇ ಸಾಲಿನಲ್ಲಿ ಪಕ್ಕಪಕ್ಕಕ್ಕೆ ಬರಬೇಕು, ಒಂದು ಹಿಂದೆ ಒಂದು ಮುಂದೆ ಆದರೆ ಹಾಸು ಸರಾಗ ಸರಿಯುವುದಿಲ್ಲ. ನಮ್ಮ ಓಣಿಯಲ್ಲಿ ಯಾರ ಮಗ್ಗಕ್ಕೆ ಹೊಸ ಹಾಸು ಬಂದರೂ ಕೆಚ್ಚಲು ಕರೆಯುವುದು ನಮ್ಮ ಅಣ್ಣನನ್ನು. ಅವನ ಕೆಚ್ಚು ಎಲ್ಲಿದೆ ಎಂದು ಹುಡುಕಿದರೂ ಸಿಗುವುದಿಲ್ಲ ಎಂದು ಜನ ಹೇಳುತ್ತಾರೆ. ಅವನಿಗೆ ಜಗತ್ತಿನಲ್ಲಿ ಇರುವ ಹೆಮ್ಮೆ ಅದೊಂದೇ.

ಕರಿ ನೂಲನ್ನು ಒತ್ತೊತ್ತಾಗಿ ಸುತ್ತಿ, ಮೇಲೆ ಗಂಜಿ ಸವರಿ, ವೈರಿನ ಬಣ್ಣಕ್ಕೆ ಬಣ್ಣ ಕೂಡಿಸಿದ್ದ. ಬಿಚ್ಚಿದೆ. ಒಳಗೆ ಎರಡು ತಾಮ್ರದ ಕೂಡಿಕೆ, ಒಂದೇ ಸಾಲಿನಲ್ಲಿ, ಪಕ್ಕಪಕ್ಕದಲ್ಲಿ, ಬಹಳ ಅಚ್ಚುಕಟ್ಟಾಗಿ. ನಡುವೆ ಇದ್ದದ್ದು ತೆಳುವಾದ ನೂಲು ಮಾತ್ರ. ಹಾಸಿನ ಎಳೆ ಒಂದಕ್ಕೊಂದು ತಾಗಿದರೆ ಏನೂ ಆಗುವುದಿಲ್ಲ. ವೈರಿನೊಳಗಿನ ಎರಡು ಎಳೆ ತಾಗಿದರೆ ಮಷೀನು ತನ್ನ ಜೀವ ಉಳಿಸಿಕೊಳ್ಳಲು ಬಾಯಿ ಮುಚ್ಚುತ್ತದೆ. ಕೂದಲಿನಂಥ ತಾಮ್ರದ ತಂತಿಗಳು ನೂಲಿನಿಂದ ಹೊರಗೆ ಇಣುಕುತ್ತಿದ್ದವು. ಯಾರಾದರೂ ತುಳಿದರೆ ಅವು ತಾಗುತ್ತಿದ್ದವು, ಕಾಲು ತೆಗೆದರೆ ಬಿಡುತ್ತಿದ್ದವು.

ಅಣ್ಣ ನೂಲಿನ ಗಂಟು ಹೊತ್ತು ಬಂದ. ಬಿಚ್ಚಿದ ವೈರನ್ನು ಅವನ ಮಗ್ಗದ ಮೇಲೆ ಇಟ್ಟೆ. ಅವ್ವನ ಮುಖಾಂತರ ಅಲ್ಲ, ನೇರವಾಗಿಯೇ ಕೇಳಿದೆ. "ಇದನ್ನ ಕೆಚ್ಚಿದವ ನೀನ ಹೌದಲ್ಲೋ?"

ನೋಡಿದ. "ಇಲಿ ಕಡದಿತ್ತು. ಕೂಡಿಸಿದೆ."

"ಇಲಿ ಹಲ್ಲಿಲೇ ಕಡೀತೈತಿ, ಚೂರಿಲೇ ಅಲ್ಲ" ಎಂದೆ. ವೈರಿನ ಮೇಲಿನ ರಬ್ಬರು ಎರಡೂ ಕಡೆ ನೆಟ್ಟಗೆ ಕೊಯ್ದ ಹಾಗಿತ್ತು, ನೇಯ್ದ ಸೀರೆಯನ್ನು ಮಗ್ಗದಿಂದ ಕೊಯ್ದು ಇಳಿಸುವ ಹಾಗೆ.

ಅವನು ನೂಲಿನ ಗಂಟನ್ನು ಕೆಳಗಿಟ್ಟ. ಅವ್ವನ ರಾಟಿ ನಿಂತಿತ್ತು. "ಹೂಂ. ಕಡದಾಂವಾ ನಾನ" ಎಂದ. "ಕೂಡಿಸಿದಾಂವಾನೂ ನಾನ."

"ಯಾಕ ಕಡದಿ?"

"ಅಪ್ಪನ ಕುಣಿಯಾಗ ಅದನ್ನ ಒಗದಿದ್ದಿ. ಸಿಟ್ಟ ಬಂತು."

"ಮತ್ತ ಯಾಕ ಕೂಡಿಸಿದಿ?"

ಅವನು ವೈರಿನ ಕೊಯ್ದ ತುದಿಯನ್ನು ಬೆರಳಿನಿಂದ ಸವರಿದ. "ಕಡದಿದ್ದ ನೋಡಾಕಾಗಲಿಲ್ಲ" ಎಂದ.

ಆ ಮಾತು ನನ್ನ ಸಲುವಾಗಿ ಹೇಳಿದ್ದೋ, ಬರೀ ತುಂಡಾದ ಎಳೆಯ ಸಲುವಾಗಿಯೋ ನನಗೆ ತಿಳಿಯಲಿಲ್ಲ, ಕೇಳುವ ಮನಸ್ಸೂ ಆಗಲಿಲ್ಲ. ನಾನು ಉರಿದುಬಿದ್ದೆ. ಕಡಿದು ಬಿಟ್ಟಿದ್ದರೆ ಅವತ್ತೇ ಕಣ್ಣಿಗೆ ಬೀಳುತ್ತಿತ್ತು, ಒಂದು ಟೇಪು ಸುತ್ತಿ ಮುಗಿಸುತ್ತಿದ್ದೆ. ಕೂಡಿಸಿ ಕೊಂದೆಯಲ್ಲೋ ಎಂದೆ. ನಿನ್ನ ಈ ಕೆಚ್ಚಿನಿಂದಲೇ ಮಷೀನು ನಿಲ್ಲುತ್ತಿದೆ, ಮುಂಡರಗಿಗೆ ಫೋನು ಮಾಡಿ ಬರಬೇಡಿರಿ ಎಂದು ಹೇಳು ಎಂದೆ.

ಕಡಿದದ್ದನ್ನು ಒಪ್ಪಿಕೊಂಡವನು ಇದನ್ನು ಮಾತ್ರ ಒಪ್ಪಲಿಲ್ಲ. "ನನ್ನ ಕೆಚ್ಚು ಈತನಕಾ ಒಂದೂ ಬಿಟ್ಟಿಲ್ಲ" ಎಂದ.

"ಬಿಟ್ಟಿಲ್ಲ. 'ಬಿಟ್ಟಿದ್ರ ಚಲೋ ಇತ್ತು' ಅಂತನ ನಾ ಹೇಳಾಕತ್ತೀನಿ."

"ಮಷೀನ ಕೆಟ್ಟೈತಿ. ಹರ್ತ್ಯಾಗ ನೋಡೂಣು" ಎಂದು ಕುಣಿಗೆ ಕಾಲು ಇಳಿಸಿ ಲಾಳಿ ಎತ್ತಿಕೊಂಡ. ಫೋನು ಮಾಡಲಿಲ್ಲ.

ಅವನ ಎದುರಿಗೇ ಕೂತು ವೈರನ್ನು ಹೊಸದಾಗಿ ಕೂಡಿಸಿದೆ. ಒಂದು ಎಳೆಯ ಕೂಡಿಕೆ ಇಲ್ಲಿ, ಇನ್ನೊಂದರದ್ದು ಗೇಣು ದೂರದಲ್ಲಿ, ಒಂದು ಇನ್ನೊಂದರ ಮುಖ ನೋಡದ ಹಾಗೆ, ಮೇಲೆ ದಪ್ಪಗೆ ಟೇಪು. ಹಾವು ಇಲಿ ನುಂಗಿದಂತೆ ಅಲ್ಲಲ್ಲಿ ಉಬ್ಬಿಕೊಂಡಿತು. ಅವನು ಓರೆಗಣ್ಣಿನಿಂದ ನೋಡಿ ಮೂಗು ಮುರಿದ.

ಹರ್ತಿಗೆ ಅವನೂ ಬಂದ. ಕರೆಯದೆ ಟಂಟಮ್ಮಿನಲ್ಲಿ ಬಾಕ್ಸಿನ ಪಕ್ಕ ಹತ್ತಿ ಕೂತ. ತೊಟ್ಟಿಲ ಮನೆಯಲ್ಲಿ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಮಷೀನಿನ ಎದುರಿಗೆ ಕೂತು, ಕೆಂಪು ದೀಪದ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಆ ಮನೆಯವರು ಅವನನ್ನು ಮೆಕ್ಯಾನಿಕ್ಕು ಎಂದುಕೊಂಡು ಅವನಿಗೇ ಮೊದಲು ಚಹಾ ಕೊಟ್ಟರು. ನಾನು ಹಾಡಿದೆ. ಹೆಣ್ಣುಮಕ್ಕಳು ಎದ್ದು ಕುಣಿದರು, ವೈರಿನ ಮೇಲೆಯೇ ಕುಣಿದರು. ಅವನನ್ನು ಉರಿಸಲೆಂದೇ ದನಿಯ ಗುಂಡಿಯನ್ನು ಪೂರಾ ತಿರುಗಿಸಿದೆ. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಅತ್ತಿತು, ಮಷೀನು ನಿಲ್ಲಲಿಲ್ಲ. ಊಟದ ಎಲೆ ಎತ್ತುವವರೆಗೂ ನಿಲ್ಲಲಿಲ್ಲ. ನನಗೆ ಕುಣಿಯಬೇಕು ಎನ್ನಿಸಿತು. ಅವನ ಮುಖ ನೋಡಿದೆ, ಬಣ್ಣ ಇಳಿದುಹೋಗಿತ್ತು. ಬೆರಳುಗಳನ್ನು ಒಂದಕ್ಕೊಂದು ಹೊಸೆಯುತ್ತ ಕೂತಿದ್ದ.

ಮನೆಗೆ ಬಂದಾಗ ಗಂಡನ ಕಾಕಾ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಅವ್ವ ಬಾಗಿಲ ಮರೆಗೆ ನಿಂತಿದ್ದಳು. ಕಾಕಾ ನನ್ನನ್ನು ನೋಡಿ, "ಸಾಮಾನ ಕಟ್ಟವಾ, ಕಡೀ ಬಸ್ಸಿಗೆ ಹೋಗೂಣು" ಎಂದರು.

"ಮಷೀನ್ ಇವತ್ತ ನಿಲ್ಲಲಿಲ್ರಿ" ಎಂದೆ.

ಅವರು ನಕ್ಕರು. "ಇವತ್ತ ನಿಂತಿಲ್ಲ, ನಾಳೆ ನಿಲ್ಲತೈತಿ. ಕೆಟ್ಟ ಮಷೀನ್ ನಂಬಿಕೊಂಡು ಮಾನವಂತರ ಮನಿ ಬಿಡತಾರೇನು? ಏನಪಾ, ನೀನ ಫೋನ್ ಮಾಡಿದ್ದಿ. ಮಷೀನ್ ಕೆಟ್ಟೈತಿ ಅಂತ ನೀನ ಹೇಳಿದ್ದಿ."

ಅಣ್ಣ ಬಾಕ್ಸನ್ನು ಇನ್ನೂ ಕೆಳಗೆ ಇಳಿಸಿರಲಿಲ್ಲ. ನಾನು ಬಾಯಿ ತೆರೆದಿದ್ದೆ, ಇವನೇ ವೈರು ಕಡಿದವನು ಎಂದು ಅವರ ಎದುರಿಗೆ, ಓಣಿಗೆಲ್ಲ ಕೇಳುವ ಹಾಗೆ ಹೇಳುವವಳಿದ್ದೆ. ಅಷ್ಟರಲ್ಲಿ ಅವನೇ ಮಾತಾಡಿದ.

"ಮಷೀನ್ ಕೆಟ್ಟಿದ್ದಿಲ್ರಿ" ಎಂದ. "ವೈರ್ ತುಂಡಾಗಿತ್ತು, ನಾ ಕೂಡಿಸಿದ್ದೆ. ನನ್ನ ಕೆಚ್ಚು ತಪ್ಪಿತ್ತು."

ಕಾಕಾನಿಗೆ ಆ ಮಾತಿನ ಬೆಲೆ ಗೊತ್ತಾಗಲಿಲ್ಲ. ವೈರು ಕೂಡಿಸುವುದರಲ್ಲಿ ಏನು ಮಹಾ ಎನ್ನುವ ಹಾಗೆ ನೋಡಿದರು. ಅವ್ವನಿಗೆ ಗೊತ್ತಾಯಿತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೂ ಗೊತ್ತಾಯಿತು. ಕಡಿದೆ ಎಂದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

"ಆಕಿ ಇಲ್ಲೇ ಇರ್ತಾಳ್ರಿ. ಚಹಾ ಕುಡೀರಿ" ಎಂದು ಬಾಕ್ಸು ಇಳಿಸಿದ. ಕಾಕಾ ಚಹಾ ಕುಡಿಯದೆ, ಮುಂದೆ ಯಾವತ್ತೂ ಕರೆಯಲು ಬರುವುದಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದರು. ಅವರು ಹೋದ ಮೇಲೆ ಅಣ್ಣ ಮಗ್ಗಕ್ಕೆ ಇಳಿದ, ಒಂದು ಎಳೆ ಹಿಡಿದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತ.

ನಾನು ಉಳಿದೆ. ಸೆಟ್ಟು ನಡೆಯುತ್ತಿದೆ, ಅಪ್ಪನ ಜಾಗ ನನ್ನದಾಗಿದೆ. ಅಣ್ಣ ಈಗಲೂ ನನ್ನ ಕೂಡ ನೆಟ್ಟಗೆ ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ. ನನ್ನನ್ನು ಊರೂರು ಅಲೆಸಿದ್ದಕ್ಕೆ, ಮುಂಡರಗಿಗೆ ಫೋನು ಮಾಡಿದ್ದಕ್ಕೆ ಅವನನ್ನು ಬಯ್ಯಲು ನನ್ನ ಹತ್ತಿರ ಬೇಕಾದಷ್ಟು ಮಾತು ಕೂಡಿವೆ. ಬಾಯಿ ತೆರೆದಾಗಲೆಲ್ಲ ಅವನು ಕಾಕಾನ ಎದುರಿಗೆ ಬಾಕ್ಸು ಹೊತ್ತು ನಿಂತು ಆಡಿದ ಆ ಮಾತು ಅಡ್ಡ ಬರುತ್ತದೆ. ಮನಸಾರೆ ಬಯ್ಯುವುದಕ್ಕೂ ಬರದ ಹಾಗೆ ಮಾಡಿಬಿಟ್ಟ. ಅದಕ್ಕೆ ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ.